ಗುರ್ಜರರ ಹಾಳೆಯಲ್ಲಿ ನಾನು ಬಿಟ್ಟ ಮೂರು ಕಾಲಂ

ತೊಂಬತ್ತೆರಡು ಟ್ಯೂಬುಗಳು ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಬಂದವು, ಜೊತೆಗೊಂದು ನೀಲಿ ಫೈಲು. ಟ್ಯೂಬುಗಳಲ್ಲಿದ್ದದ್ದು ರಾಜಸ್ಥಾನದ ಆರು ಊರುಗಳ ಗುರ್ಜರ ಗಂಡಸರ ಡಿಎನ್‌ಎ. ಫೈಲಿನಲ್ಲಿದ್ದದ್ದು ಅವರ ವಿವರ ಬರೆದ ಹಿಂದಿ ಹಾಳೆಗಳ ಜೆರಾಕ್ಸ್. ಅದು 2007ರ ಶರತ್ಕಾಲ, ಸ್ಟಾಕ್‌ಹೋಮಿನ ದಕ್ಷಿಣಕ್ಕಿರುವ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ನಮ್ಮ ಲ್ಯಾಬ್. ಟ್ಯೂಬುಗಳನ್ನು ನಮ್ಮ ಹಿರಿಯ ತಂತ್ರಜ್ಞೆ ಎಣಿಸಿ ಮೈನಸ್ ಎಂಬತ್ತರ ಫ್ರೀಜರಿಗೆ ಸೇರಿಸಿದರು. ಫೈಲು ನನ್ನ ಮೇಜಿಗೆ ಬಂತು, ಏಕೆಂದರೆ ಆ ಮಹಡಿಯಲ್ಲಿ ಹಿಂದಿ ಓದಬಲ್ಲವಳು ನಾನೊಬ್ಬಳೇ.

ಆ ಡಿಎನ್‌ಎ ತೆಗೆದ ರಕ್ತ ಹೃದ್ರೋಗದ ಸಮೀಕ್ಷೆಗೆಂದು ಸಂಗ್ರಹಿಸಿದ್ದು. ಪೂರ್ವಜರ ಅಧ್ಯಯನಕ್ಕೂ ಬಳಸಬಹುದೆಂದು ಕೊಟ್ಟವರು ಒಪ್ಪಿದ್ದರು, ಎರಡೂ ದೇಶದ ಅನುಮತಿ ಪತ್ರಗಳು ಫೈಲಿನ ಮೊದಲಲ್ಲೇ ಇದ್ದವು. ನಮ್ಮ ಪ್ರೊಫೆಸರ್, ಮಾತು ಕಡಿಮೆಯ ಸ್ವೀಡಿಷ್ ಹೆಂಗಸು, ಕೇಳಿದ್ದು ಒಂದೇ ಪ್ರಶ್ನೆ: ಗುರ್ಜರರು ಎಲ್ಲಿಂದ ಬಂದವರು?

ಪ್ರಶ್ನೆ ಹಳೆಯದು. ಹೂಣರ ಹಿಂದೆ ಹಿಂದೆಯೇ ಮಧ್ಯ ಏಷ್ಯಾದಿಂದ ಇಳಿದ ದನಗಾಹಿ ಯೋಧರು ಇವರು ಎಂದು ಬ್ರಿಟಿಷರ ಕಾಲದ ವಿದ್ವಾಂಸರು ಬರೆದರು. ಅಲ್ಲ, ಅಬೂ ಬೆಟ್ಟದ ಸುತ್ತಿನ ನೆಲದವರೇ ಎಂದು ಆಮೇಲಿನವರು ವಾದಿಸಿದರು. ಕನೌಜಿನಲ್ಲಿ ಕೂತು ಆಳಿದ ಗುರ್ಜರ ಪ್ರತಿಹಾರರಿಗೂ ಇಂದು ಎಮ್ಮೆ ಸಾಕುವ ಗುರ್ಜರರಿಗೂ ಏನು ಸಂಬಂಧ ಎಂಬುದೂ ಬಗೆಹರಿದಿಲ್ಲ. ನನಗೆ ಗೊತ್ತಿದ್ದದ್ದು ಶಾಲೆಯ ಇತಿಹಾಸದಷ್ಟೇ. ಅದರಲ್ಲಿ ಗುರ್ಜರರೆಂದರೆ ಮೊದಲು ನಮ್ಮ ಪುಲಿಕೇಶಿಗೆ ತಲೆಬಾಗಿದವರು, ಆಮೇಲೆ ನಮ್ಮ ರಾಷ್ಟ್ರಕೂಟರಿಂದ ಸೋತವರು. ಸೋತವರ ಮನೆಯ ಕಥೆಯನ್ನು ನಮ್ಮ ಮೇಷ್ಟ್ರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹಾಳೆಯಲ್ಲಿ ಒಂಬತ್ತು ಕಾಲಂ ಇದ್ದವು. ಕ್ರಮಸಂಖ್ಯೆ, ವಯಸ್ಸು, ಊರು, ಎತ್ತರ, ತೂಕ, ರಕ್ತದೊತ್ತಡ. ಕೊನೆಯ ಮೂರು: ತನ್ನ ಗೋತ್ರ, ತಾಯಿಯ ತವರಿನ ಗೋತ್ರ, ತಾಯಿಯ ತಾಯಿಯ ತವರಿನ ಗೋತ್ರ. ನಾನು ಓದುತ್ತ ಕಂಪ್ಯೂಟರಿಗೆ ಹಾಕುತ್ತಿದ್ದೆ. ತಂತ್ರಜ್ಞೆ ಪಕ್ಕದಲ್ಲಿ ಕೂತು ಅಂಕಿಗಳನ್ನು ತಾಳೆ ನೋಡುತ್ತಿದ್ದರು. ಎರಡು ಜೊತೆ ಕಣ್ಣಿಲ್ಲದೆ ಅಲ್ಲಿ ಯಾವ ಅಂಕಿಯೂ ಒಳಗೆ ಹೋಗುತ್ತಿರಲಿಲ್ಲ. ಆರು ಕಾಲಂ ಮುಗಿಸಿ ನಾನು ಮುಂದಿನ ಸಾಲಿಗೆ ಹೋದದ್ದನ್ನು ಕಂಡು ಅವರು ಬೆರಳಿಟ್ಟು ಕೇಳಿದರು.

“ಈ ಮೂರು?”

“ಅದು ಪೂಜೆಗೆ ಬೇಕಾದ ವಿಷಯ. ನಮಗೆ ಬೇಡ.”

“ನನಗೆ ಅರ್ಥವಾಗದ ಕಾಲಂ ಇದ್ದರೆ ನಾನು ಅದನ್ನೂ ತುಂಬಿಸುತ್ತೇನೆ.”

“ನನಗೆ ಅರ್ಥವಾಗುತ್ತದಲ್ಲ,” ಅಂದೆ.

ಅರ್ಥವಾಗುತ್ತಿತ್ತು ಎಂದೇ ನಂಬಿದ್ದೆ. ನಮ್ಮಲ್ಲಿ ಗೋತ್ರ ಎಂದರೆ ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಹೆಸರು, ನಕ್ಷತ್ರದ ಜೊತೆ ಉಸುರುವ ಒಂದು ಶಬ್ದ. ಗೊತ್ತಿಲ್ಲ ಎಂದವರಿಗೆ ಅರ್ಚಕರೇ ಕಾಶ್ಯಪ ಗೋತ್ರ ಹಚ್ಚಿ ಮುಂದೆ ಸಾಗುತ್ತಾರೆ. ನನ್ನ ಭಾರದ್ವಾಜ ಗೋತ್ರದವರು ಬಳ್ಳಾರಿಯಲ್ಲೂ ಇದ್ದಾರೆ, ಕಾಶಿಯಲ್ಲೂ ಇದ್ದಾರೆ. ಅವರ ರಕ್ತಕ್ಕೂ ನನ್ನ ರಕ್ತಕ್ಕೂ ಏನು ನಂಟು? ಇಂಥ ಕಾಲಂ ನೋಡಿ ವಿಜ್ಞಾನಕ್ಕೆ ಆಗಬೇಕಾದ್ದೇನೂ ಇಲ್ಲ ಎಂದು ತೀರ್ಮಾನಿಸಿಬಿಟ್ಟೆ. ಆ ಜಾಗದಲ್ಲಿ ಒಬ್ಬ ಸ್ವೀಡಿಷ್ ಹುಡುಗಿ ಇದ್ದಿದ್ದರೆ ಅಕ್ಷರ ಬರದಿದ್ದರೂ ಚಿತ್ರ ಬಿಡಿಸಿಯಾದರೂ ತುಂಬಿಸುತ್ತಿದ್ದಳು. ತಿಳಿದವಳೆಂಬ ಜಂಬ ಇದ್ದದ್ದು ನನಗೆ.

ಗಂಡು ವಂಶದ ಗುರುತು ವೈ ಕ್ರೋಮೋಸೋಮಿನಲ್ಲಿರುತ್ತದೆ. ಅದು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ದಾಟುತ್ತದೆ. ಹೆಣ್ಣು ವಂಶದ ಗುರುತು ಮೈಟೊಕಾಂಡ್ರಿಯಾದಲ್ಲಿ, ತಾಯಿಯಿಂದ ಮಕ್ಕಳಿಗೆ. ವೈ ಕೆಲಸವನ್ನು ನಮ್ಮ ಲ್ಯಾಬಿನಲ್ಲಿ ಹೆಂಗಸರಿಗೇ ಕೊಡುತ್ತಿದ್ದರು, ಏಕೆಂದರೆ ನಮ್ಮ ಚರ್ಮದ ಕಣ ಬಿದ್ದರೂ ಅದರಲ್ಲಿ ಗಂಡು ಕ್ರೋಮೋಸೋಮ್ ಇರುವುದಿಲ್ಲ. ಆದರೂ ಮಾದರಿ ಹಾಕಿದ ಮೊದಲ ಪ್ಲೇಟು ಕೆಟ್ಟಿತು. ಅದರಲ್ಲಿ ಬರೀ ನೀರು ಹಾಕಿದ್ದ ಪರೀಕ್ಷಾ ಗುಂಡಿಗಳಲ್ಲಿ ಯಾರದೋ ಗಂಡಸಿನ ಸಣ್ಣ ಗುರುತು ಎದ್ದು ನಿಂತಿತ್ತು. ಪಕ್ಕದ ಕೋಣೆಯ ವಿದ್ಯಾರ್ಥಿಯೊಬ್ಬ ನಮ್ಮ ಪಿಪೆಟ್ ಎರವಲು ಒಯ್ದಿದ್ದನೆಂದು ಆಮೇಲೆ ತಿಳಿಯಿತು. ಎರಡು ವಾರದ ಕೆಲಸ ತೊಟ್ಟಿಗೆ ಹಾಕಿ ಮತ್ತೆ ಶುರು ಮಾಡಿದೆವು. ತಂತ್ರಜ್ಞೆ ಪಿಪೆಟ್‌ಗೆ ಕೆಂಪು ಟೇಪು ಸುತ್ತಿದರು.

ಜನವರಿಯ ಹೊತ್ತಿಗೆ ಫಲಿತಾಂಶ ಬಂತು, ನೋಡಿದರೆ ಯಾರಿಗಾದರೂ ಆಸೆ ಹುಟ್ಟಬೇಕು, ಹಾಗಿತ್ತು. ತಾಯಿಯ ಕಡೆಯಲ್ಲಿ ಎಲ್ಲ ಬಗೆಯೂ ಇತ್ತು, ಸುತ್ತಲಿನ ಬೇರೆ ಜನರಲ್ಲಿ ಇರುವಂತೆಯೇ. ತಂದೆಯ ಕಡೆಯಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಗುರುತು. ವೈ ಮೇಲಿನ ಹದಿನೇಳು ಜಾಗ ಅಳೆದಾಗ ಸಿಕ್ಕ ಹದಿನೇಳು ಅಂಕಿಗಳ ಒಂದೇ ಸಾಲು ಅರವತ್ತಕ್ಕೂ ಹೆಚ್ಚು ಗಂಡಸರಲ್ಲಿ, ಉಳಿದವರಲ್ಲಿ ಒಂದೆರಡು ಅಂಕಿ ಆಚೀಚೆ. ತೀರ ದೂರವಿದ್ದ ಮೂವರನ್ನು ಮಾತ್ರ ಪಕ್ಕಕ್ಕಿಟ್ಟೆವು. ಅರ್ಥ ಕಣ್ಣಿಗೆ ಕಟ್ಟಿದಂತಿತ್ತು: ಹೊರಗಿನಿಂದ ಸಣ್ಣದೊಂದು ಗಂಡಸರ ದಂಡು ಬಂದಿದೆ, ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನೆಲೆಸಿದೆ.

ಕಾಲವೂ ಹೊಂದಿಕೊಂಡಿತು. ಆ ಅಂಕಿಗಳು ಎಷ್ಟು ತಲೆಮಾರಿಗೆ ಎಷ್ಟು ಬದಲಾಗುತ್ತವೆ ಎಂಬುದಕ್ಕೆ ಎರಡು ದರ ಬಳಕೆಯಲ್ಲಿದ್ದವು. ಒಂದು, ಅಪ್ಪ ಮಗನನ್ನು ನೇರ ಹೋಲಿಸಿ ಪಡೆದದ್ದು, ಒಂದು ಮನೆತನಕ್ಕೆ ಸರಿಯಾದದ್ದು. ಇನ್ನೊಂದು ಅದರ ಮೂರನೇ ಒಂದರಷ್ಟೇ ವೇಗದ್ದು, ಇಡೀ ಜನಾಂಗಕ್ಕೆ ಬಳಸುವಂಥದ್ದು. ನಮ್ಮದು ಜನಾಂಗವಲ್ಲವೇ? ನಿಧಾನದ್ದನ್ನು ಹಾಕಿದೆವು. ನಲವತ್ತೈದು ತಲೆಮಾರು ಬಂತು, ಸುಮಾರು ಸಾವಿರದ ಮುನ್ನೂರೈವತ್ತು ವರ್ಷ. ಅಂದರೆ ಐಹೊಳೆಯ ಶಾಸನದಲ್ಲಿ ಗುರ್ಜರರ ಹೆಸರು ಕೆತ್ತಿದ ಕಾಲದ ಆಸುಪಾಸು. ಐಹೊಳೆ ಎಂಬ ಹೆಸರನ್ನು ಒಂದು ಅಡಿಟಿಪ್ಪಣಿಯಲ್ಲಿ ಟೈಪ್ ಮಾಡುವಾಗ ನನಗಾದ ಖುಷಿಯನ್ನು ಮುಚ್ಚಿಡಲಾರೆ. ದಾವಣಗೆರೆಯವಳು ಸ್ವೀಡನ್ನಿನಲ್ಲಿ ಕೂತು ಪುಲಿಕೇಶಿಯನ್ನು ಕರೆತಂದಿದ್ದೆ.

ಫೆಬ್ರವರಿಯಲ್ಲಿ ಪ್ರಬಂಧ ಪತ್ರಿಕೆಯೊಂದಕ್ಕೆ ಹೋಯಿತು. ಏಪ್ರಿಲ್ ಮೊದಲ ವಾರ ಪರಿಶೀಲಕರ ಉತ್ತರ ಬಂತು: ಸಣ್ಣ ತಿದ್ದುಪಡಿ ಮಾಡಿದರೆ ಪ್ರಕಟಿಸುತ್ತೇವೆ. ಮೊದಲ ಹೆಸರು ನನ್ನದು. ಮೇ ತಿಂಗಳಲ್ಲಿ ನನ್ನ ಕರಾರು ಎರಡು ವರ್ಷಕ್ಕೆ ಮುಂದುವರಿಯಬೇಕಿತ್ತು, ಅದಕ್ಕೆ ಈ ಪ್ರಬಂಧವೇ ಆಧಾರ. ನಮ್ಮ ವಾಸದ ಪರವಾನಗಿ ಆ ಕರಾರಿಗೆ ಅಂಟಿಕೊಂಡಿತ್ತು. ಡಾಗಿಸ್ ಎಂಬ ಶಿಶುವಿಹಾರದಲ್ಲಿ ಆಗಷ್ಟೇ ಸ್ವೀಡಿಷ್ ಹಾಡು ಕಲಿಯುತ್ತಿದ್ದ ನಾಲ್ಕು ವರ್ಷದ ಮಗಳೂ, ಕಾರ್ಲ್‌ಸ್ಟಾಡ್‌ನಲ್ಲಿ ಪಿಎಚ್‌ಡಿಯ ಕೊನೆಯ ಹಂತದಲ್ಲಿದ್ದ ಗಂಡನೂ ಆ ಪರವಾನಗಿಗೆ ಅಂಟಿಕೊಂಡಿದ್ದರು.

ಅದೇ ವಾರದ ಕೊನೆಗೆ ಕನ್ನಡದವರ ಯುಗಾದಿ ಊಟ. ಕೊಮ್ಯೂನಿನ, ಅಂದರೆ ಅಲ್ಲಿಯ ಪುರಸಭೆಯ, ಹಾಲ್ ಬಾಡಿಗೆಗೆ ಹಿಡಿದಿದ್ದರು, ಮನೆಗೊಂದು ಅಡುಗೆ. ಹೊರಗೆ ಮಂಜು ಪೂರ್ತಿ ಕರಗಿರಲಿಲ್ಲ. ಬೇವಿನೆಲೆ ಸಿಗದೆ ಅಂಗಡಿಯ ಬೇವಿನ ಪುಡಿಯನ್ನೇ ಬೆಲ್ಲಕ್ಕೆ ಬೆರೆಸಿದ್ದರು. ತಟ್ಟೆ ಹಿಡಿದು ನಿಂತಿದ್ದಾಗ ಮೂವತ್ತರ ಸುಮಾರಿನ ಒಬ್ಬ ಎತ್ತರದ ಮನುಷ್ಯ ಬಂದು ನಮಸ್ಕಾರ ಹೇಳಿದ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇಂಜಿನಿಯರ್.

“ಮೇಡಂ, ನಮ್ಮೋರ ಡಿಎನ್‌ಎ ಮೇಲೆ ವರ್ಕ್ ಮಾಡ್ತಿದೀರಂತೆ? ಈಗ ಯಾರೋ ಹೇಳಿದ್ರು.”

“ನಿಮ್ಮೋರು ಅಂದ್ರೆ?”

“ಗುರ್ಜರ್ ಮೇಡಂ. ಊರು ರಾಜಸ್ಥಾನ. ಅಪ್ಪ ಏರ್‌ಫೋರ್ಸ್‌ನಲ್ಲಿದ್ರು, ನಾನು ಬೆಳೆದಿದ್ದೆಲ್ಲ ಜಾಲಹಳ್ಳಿ. ಅದಕ್ಕೇ ಇಲ್ಲಿ ಹೋಳಿಗೆಗೆ ಬಂದಿದೀನಿ.”

ನಾನು ಹೆಮ್ಮೆಯಿಂದಲೇ ವಿವರಿಸಿದೆ. ಹೊರಗಿನಿಂದ ಬಂದ ದಂಡು, ಒಂದೇ ಗಂಡು ಗುರುತು, ಆರು ಊರು. ಊರಿನ ಹೆಸರು ಹೇಳುವಂತಿರಲಿಲ್ಲ, ಹೇಳಲಿಲ್ಲ. ಆತ ಹೋಳಿಗೆ ಮುರಿಯುತ್ತ ಕೇಳಿಸಿಕೊಂಡ.

“ಗೋತ್ರ ಎಷ್ಟು ತಗೊಂಡಿದೀರ?”

“ಅದನ್ನ ನಾವು ನೋಡಿಲ್ಲ.”

ಆತ ನಕ್ಕ. ಅಣಕವೇನೂ ಇರಲಿಲ್ಲ, ಮಕ್ಕಳ ಮಾತಿಗೆ ನಗುವ ನಗು. “ಮೇಡಂ, ನಮ್ಮ ಕಡೆ ಹೆಸರಿಗಿಂತ ಮುಂಚೆ ಗೋತ್ರ ಕೇಳ್ತಾರೆ. ಮದುವೆಗೆ ಅಪ್ಪನ ಗೋತ್ರ ಬಿಡ್ಬೇಕು, ಅಮ್ಮಂದು ಬಿಡ್ಬೇಕು, ಅಜ್ಜೀರದ್ದೂ ಬಿಡ್ಬೇಕು. ಅದಕ್ಕೇ ಎಲ್ರಿಗೂ ಎಲ್ಲಾ ಬಾಯಿಪಾಠ. ಒಂದೂರಲ್ಲಿ ಹೆಚ್ಚಾಗಿ ಒಂದೇ ಗೋತ್ರ ಇರತ್ತೆ. ಗಂಡಸ್ರೆಲ್ಲ ಒಬ್ಬ ಅಜ್ಜನ ಮಕ್ಳು. ಹೆಂಗಸ್ರು ಮಾತ್ರ ಹೊರಗಿಂದ ಬಂದೋರು, ಒಬ್ಬೊಬ್ರು ಒಂದೊಂದು ಕಡೆಯಿಂದ.”

“ಆದ್ರೆ ಆರು ಊರು ಇದೆಯಲ್ಲ.”

“ಪಕ್ಕಪಕ್ಕದ್ದಾ?”

ಪಕ್ಕಪಕ್ಕದವೇ ಆಗಿದ್ದವು.

“ಊರು ತುಂಬಿದ್ಮೇಲೆ ತಮ್ಮ ಹೋಗಿ ಒಂದು ಮೈಲಿ ಆಚೆ ಮನೆ ಕಟ್ತಾನೆ. ಊರಿನ ಹೆಸರು ಬೇರೆ ಆಗತ್ತೆ, ಅಜ್ಜ ಬೇರೆ ಆಗಲ್ಲ. ಬೇಕಾದ್ರೆ ನಮ್ಮ ಜಾಗಾನ, ಅಂದ್ರೆ ವಂಶ ಬರೆಯೋನ್ನ ಕೇಳಿ. ಎರಡು ಮೂರು ವರ್ಷಕ್ಕೊಂದ್ಸಲ ಪುಸ್ತಕ ಹೊತ್ಕೊಂಡು ಬರ್ತಾನೆ, ಹುಟ್ಟಿದ ಗಂಡುಮಕ್ಕಳ ಹೆಸರು ಬರ್ಕೋತಾನೆ, ಹಳೇ ತಲೆಮಾರೆಲ್ಲ ಓದ್ತಾನೆ. ಹದಿನೈದರವರೆಗೆ ಸರಿಯಾಗಿ ಹೇಳ್ತಾನೆ. ಅದರಾಚೆ ಸೀದಾ ಶ್ರೀರಾಮಚಂದ್ರ.”

“ನಮ್ಮ ಹೆಳವರ ಥರ,” ಎಂದು ಬಾಯಿಗೆ ಬಂತು. ದಾವಣಗೆರೆಯಲ್ಲಿ ಪಕ್ಕದ ಮನೆಯವರ ವಂಶ ಹೇಳಲು ಹೆಳವನೊಬ್ಬ ಎತ್ತಿನ ಮೇಲೆ ಬರುತ್ತಿದ್ದ. ನಮ್ಮ ಮನೆಗೆ ಬರುತ್ತಿರಲಿಲ್ಲ.

“ಹೋದ ವರ್ಷ ನಮ್ಮ ಚಿಕ್ಕಪ್ಪ ರೈಲು ಹಳಿ ಮೇಲೆ ಕೂತಿದ್ರು ಮೇಡಂ, ಮೀಸಲಾತಿಗೆ,” ಆತ ತಟ್ಟೆ ಕೆಳಗಿಟ್ಟು ಹೇಳಿದ. “ನೀವು ಹೊರಗಿನೋರು ಅಂತ ಒಂದು ಕಾಗದ ಸ್ವೀಡನ್ನಿಂದ ಬಂದ್ರೆ, ಅದನ್ನ ಹಿಡ್ಕೊಂಡು ಮಾತಾಡೋಕೆ ಜನ ಕಾಯ್ತಿರ್ತಾರೆ. ನಿಜ ಆಗಿದ್ರೆ ಬರೀರಿ. ನಿಜ ಏನು ಅಂತ ಮಾತ್ರ ಸರಿಯಾಗಿ ನೋಡಿ.”

ಹೋಳಿಗೆ ರುಚಿಸಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಸೋಮವಾರ ಮಗಳನ್ನು ಡಾಗಿಸ್‌ಗೆ ಬಿಟ್ಟು ಬೆಳಗಿನ ರೈಲಿನಲ್ಲಿ ಎಲ್ಲರಿಗಿಂತ ಮುಂಚೆ ಲ್ಯಾಬ್ ಸೇರಿದೆ. ನೀಲಿ ಫೈಲು ತೆಗೆದೆ. ಮೊದಲ ಹಾಳೆಯ ಗೋತ್ರದ ಕಾಲಮಿನಲ್ಲಿ ಮೊದಲ ಸಾಲಿಗೆ ಒಂದು ಹೆಸರು. ಅದರ ಕೆಳಗೆ ಕೊನೆಯವರೆಗೂ ‘ಮೇಲಿನಂತೆ’ ಎನ್ನುವ ಎರಡು ಸಣ್ಣ ಗೀಟು. ಎರಡನೇ ಹಾಳೆಯಲ್ಲೂ ಅದೇ ಹೆಸರು, ಅದೇ ಗೀಟುಗಳು. ಆರೂ ಊರಿನ ಹಾಳೆ ಮುಗಿದವು. ಬೇರೆ ಗೋತ್ರದವರು ಮೂವರು ಮಾತ್ರ ಸಿಕ್ಕರು. ಆ ಮೂವರ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ನೋಡಿದರೆ, ಅಂಕಿಗಳ ಸಾಲು ಎಲ್ಲರಿಂದ ತೀರ ದೂರವಿದೆಯೆಂದು ನಾವೇ ‘ಅಪವಾದ’ ಎಂದು ಪಕ್ಕಕ್ಕಿಟ್ಟಿದ್ದ ಮೂವರು. ತಾಯಂದಿರ ಕಾಲಮಿನಲ್ಲಿ ಹತ್ತೊಂಬತ್ತು ಬಗೆಯ ಹೆಸರು. ಎಲ್ಲವೂ ಹಾಳೆಯ ಮೇಲೆಯೇ ಇತ್ತು. ರಕ್ತ ತೆಗೆಯುವ ಮೊದಲೇ ಆ ಜನ ಉತ್ತರ ಬರೆಸಿ ಕಳಿಸಿದ್ದರು.

ಹೊರಗಿನ ದಂಡೂ ಇಲ್ಲ, ಐಹೊಳೆಯೂ ಇಲ್ಲ. ನಾವು ಒಂದು ಜನಾಂಗವೆಂದು ಅಳೆದದ್ದು ಒಂದು ಮನೆತನವನ್ನು.

ಇಷ್ಟಾದರೂ ನೇರ ಪ್ರೊಫೆಸರ್ ಕೋಣೆಗೆ ಹೋದೆ ಎಂದರೆ ಸುಳ್ಳಾಗುತ್ತದೆ. ಮೂರು ದಿನ ಹೋಗಲಿಲ್ಲ. ಪ್ರಬಂಧವನ್ನು ಮತ್ತೆ ಮತ್ತೆ ಓದಿದೆ. ‘ಆರು ಊರುಗಳ ತೊಂಬತ್ತೆರಡು ಗಂಡಸರು’ ಎಂದಿತ್ತು, ಸುಳ್ಳಲ್ಲ. ‘ಗಂಡು ವಂಶದಲ್ಲಿ ವೈವಿಧ್ಯ ಬಹಳ ಕಡಿಮೆ’ ಎಂದಿತ್ತು, ಅದೂ ಸುಳ್ಳಲ್ಲ. ಪರಿಶೀಲಕರು ಗೋತ್ರ ಕೇಳಿರಲಿಲ್ಲ. ಹಾಳೆಗಳು ಹಿಂದಿಯಲ್ಲಿದ್ದವು, ಫೈಲು ನನ್ನ ಕಪಾಟಿನಲ್ಲಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲು ಇದಕ್ಕಿಂತ ಒಳ್ಳೆಯ ಅಡುಗೆಮನೆ ಬೇಕೇ?

ಗುರುವಾರ ಫೀಕಾ, ಅಂದರೆ ಅಲ್ಲಿಯ ತಪ್ಪದ ಕಾಫಿ ವಿರಾಮ. ತಂತ್ರಜ್ಞೆ ದಾಲ್ಚಿನ್ನಿ ಬನ್ನನ್ನು ನನ್ನ ಕಡೆ ಸರಿಸಿದರು. ಕೇಳಿಬಿಟ್ಟೆ: “ನಿಮ್ಮ ಅಜ್ಜಿಯ ಅಪ್ಪ ಯಾರು ಎಂದು ನಿಮಗೆ ಗೊತ್ತೇ?”

“ಗೊತ್ತು. ಪಾದ್ರಿಗಳು ಬರೆದಿಟ್ಟಿದ್ದಾರೆ. ಯಾವ ತೋಟದ ಮನೆ, ಯಾರ ಮಗ, ಯಾವ ವರ್ಷ ಊರು ಬಿಟ್ಟ, ಎಲ್ಲ ಚರ್ಚಿನ ಪುಸ್ತಕದಲ್ಲಿದೆ.” ಆಮೇಲೆ ಅವರೇ ಕೇಳಿದರು: “ಆ ಮೂರು ಕಾಲಂ ಅದೇನಾ?”

ಹೌದೆಂದೆ. ಅವರು ‘ನಾನು ಆಗಲೇ ಹೇಳಿದ್ದೆ’ ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು. ಕಪ್ಪು ತೊಳೆದಿಟ್ಟು ಪ್ರೊಫೆಸರ್ ಕೋಣೆಯ ಬಾಗಿಲು ತಟ್ಟಿದೆ.

ಹಾಳೆಗಳನ್ನು ಮೇಜಿನ ಮೇಲೆ ಹರಡಿ ಗೀಟುಗಳನ್ನು ತೋರಿಸಿದೆ. ಅಕ್ಷರ ಬಾರದಿದ್ದರೂ ಗೀಟು ಯಾವ ಭಾಷೆಯಲ್ಲೂ ಗೀಟೇ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು.

“ಈ ಕಾಲಂ ಬಿಟ್ಟದ್ದು ಯಾಕೆ?”

“ನನಗೆ ಗೊತ್ತಿದೆ ಎಂದುಕೊಂಡೆ.”

“ಬೇರೆ ಯಾರಿಗೆ ಗೊತ್ತು?”

“ಹಾಳೆಯಲ್ಲಿ ಹೀಗಿದೆ ಎಂದು ಕಣ್ಣಾರೆ ನೋಡಿದವರು ನಾನು, ಈಗ ನೀವು.”

“ಎರಡು ಜೊತೆ ಕಣ್ಣು,” ಎಂದರು. “ಹಾಗಾದರೆ ಸಾಕಾಯಿತು.” ಕಂಪ್ಯೂಟರ್ ಕಡೆ ತಿರುಗಿ ಸಂಪಾದಕರಿಗೆ ಪತ್ರ ಬರೆಯತೊಡಗಿದರು. ತಪ್ಪು ನನ್ನದು ಎಂದು ಬರೆಯಿರಿ ಎಂದೆ. ‘ನಮ್ಮ ತಪ್ಪು’ ಎಂದೇ ಬರೆದರು. ಪತ್ರ ಮುಗಿಸಿದ ಮೇಲೆ ಹೇಳಿದರು, ನಿನ್ನ ಕರಾರಿಗೆ ಎರಡು ವರ್ಷ ಕೇಳುವುದಕ್ಕೆ ಈಗ ನನ್ನ ಕೈಯಲ್ಲಿ ಏನೂ ಇಲ್ಲ, ಆರು ತಿಂಗಳು ಕೇಳಿ ನೋಡುತ್ತೇನೆ. ಅಂದು ರೈಲಿನಲ್ಲಿ ಮನೆಗೆ ಬರುವಾಗ ನನಗೆ ಅಳು ಬಂತು. ಬೇಸರಕ್ಕೋ ಹಗುರಾದದ್ದಕ್ಕೋ ಹೇಳಲಾರೆ.

ಆರು ತಿಂಗಳು ಸಿಕ್ಕಿತು. ಅದರಲ್ಲಿ ಮೊದಲ ವಾರ ಬಿಟ್ಟ ಮೂರು ಕಾಲಂ ತುಂಬಿಸಿದೆ. ನಾನು ಓದಿದೆ, ತಂತ್ರಜ್ಞೆ ಪಕ್ಕದಲ್ಲಿ ಕೂತು ಅಕ್ಷರಗಳ ಆಕಾರವನ್ನೇ ತಾಳೆ ನೋಡಿದರು, ಎರಡು ಕಡೆ ತಪ್ಪೂ ಹಿಡಿದರು. ಬೇರೆ ಗೋತ್ರದ ಮೂವರನ್ನು ಮೊದಲಿನಂತೆ ಹೊರಗಿಟ್ಟು, ಮನೆತನಕ್ಕೆ ಬಳಸುವ ವೇಗದ ದರ ಹಾಕಿ ಮತ್ತೆ ಲೆಕ್ಕ ಮಾಡಿದೆವು. ನಲವತ್ತೈದು ತಲೆಮಾರು ಹದಿನೈದಕ್ಕೆ ಇಳಿಯಿತು. ಹತ್ತರಿಂದ ಇಪ್ಪತ್ತರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಅಂದಾಜು ಅಷ್ಟು ಸಡಿಲ.

ಅದನ್ನು ಬಿಗಿ ಮಾಡಬಲ್ಲವನು ಒಬ್ಬನೇ, ಆ ಊರುಗಳ ವಂಶ ಬರೆಯುವವನು. ರಾಜಸ್ಥಾನದಲ್ಲಿ ರಕ್ತ ಸಂಗ್ರಹಿಸಿದ್ದ ವೈದ್ಯರಿಗೆ ಬರೆದೆ. ಅವರು ಮತ್ತೆ ಅನುಮತಿಯ ಕಾಗದಗಳನ್ನೆಲ್ಲ ಮಾಡಿಸಿ, ಊರಿನ ಹಿರಿಯರನ್ನು ಒಪ್ಪಿಸಿ, ಮಳೆಗಾಲಕ್ಕೆ ಮುಂಚೆ ಆತನನ್ನು ಹುಡುಕಿಕೊಂಡು ಹೋದರು. ಜೂನ್ ಕೊನೆಗೆ ಅವರ ಮೇಲ್ ಬಂತು. ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕ ಬಿಚ್ಚಿ, ಹಿರಿಯರ ಎದುರು ಆತ ಓದಿದನಂತೆ. ಆರೂ ಊರು ಒಬ್ಬ ಮೂಲಪುರುಷನಿಂದಲೇ. ಇಂದಿನ ಹುಡುಗರಿಂದ ಅವನವರೆಗೆ ಹದಿಮೂರು ತಲೆ.

ಲ್ಯಾಬಿನಲ್ಲಿ ಪ್ರೊಫೆಸರ್ ಆ ಮೇಲನ್ನು ಎರಡು ಸಲ ಓದಿಸಿ ಕೇಳಿದರು. ಹದಿನೇಳು ಗುರುತು, ಎಂಟು ತಿಂಗಳು, ಎರಡು ಯಂತ್ರ ಬೇಕಾಯಿತು ನಮಗೆ. ಆತನಿಗೆ ಒಂದು ಪುಸ್ತಕ ಸಾಕಾಗಿತ್ತು, ಮತ್ತು ಅವನ ಉತ್ತರ ನಮ್ಮದಕ್ಕಿಂತ ಬಿಗಿಯಾಗಿತ್ತು. ಆ ಹೊಂದಾಣಿಕೆಯ ಮೇಲೆಯೇ ಆಮೇಲೆ ಒಂದು ಸಣ್ಣ ಪ್ರಬಂಧ ಸಣ್ಣ ಪತ್ರಿಕೆಯಲ್ಲಿ ಬಂತು. ಗುರ್ಜರರು ಎಲ್ಲಿಂದ ಬಂದರೆಂದು ಅದರಲ್ಲಿ ಒಂದು ಸಾಲೂ ಇಲ್ಲ. ಇಂಜಿನಿಯರ್‌ಗೆ ಅದನ್ನು ಕಳಿಸಿದಾಗ ಫೋನ್ ಮಾಡಿ, “ಹಂಗಾದ್ರೆ ನಾವು ಎಲ್ಲಿಂದ ಬಂದ್ವಿ ಮೇಡಂ?” ಎಂದು ಕೇಳಿದ. ಗೊತ್ತಿಲ್ಲ ಎಂದೆ. “ಸರಿ, ಗೊತ್ತಿಲ್ಲದ್ದನ್ನ ಬರೆದಿಲ್ವಲ್ಲ, ಅಷ್ಟು ಸಾಕು,” ಅಂದ.

ಆದರೆ ಆ ವೈದ್ಯರ ಇ-ಮೇಲಿನ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಪುಸ್ತಕ ಕಟ್ಟುವ ಮೊದಲು ವಂಶ ಬರೆಯುವವನು ಈ ವೈದ್ಯರನ್ನು ಕೇಳಿದ್ದ: ಇದನ್ನೆಲ್ಲ ಕೇಳಿಸುತ್ತಿರುವ ಹೆಣ್ಣುಮಗಳು ಯಾರು? ಯಾರಿಗೆ ಓದಿದೆ ಎಂದು ಅಂಚಿನಲ್ಲಿ ಬರೆದುಕೊಳ್ಳುವುದು ಅವನ ಪದ್ಧತಿ. ಹೆಸರು, ಊರು, ಮೂರು ಗೋತ್ರ. ದಯವಿಟ್ಟು ತಿಳಿಸಿ, ಅವನು ಕಾಯುತ್ತಿದ್ದಾನೆ.

ಭಾನುವಾರ ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅಣ್ಣನ ಮನೆಯಲ್ಲಿ ಮೊಮ್ಮಕ್ಕಳಿಗೆ ಅವಲಕ್ಕಿ ಹಚ್ಚುತ್ತಿದ್ದಳು.

“ನಮ್ಮದು ಭಾರದ್ವಾಜ. ನಿನ್ನ ತವರಿನದು ಯಾವುದಮ್ಮ?”

“ಕೌಶಿಕ. ಯಾಕೆ, ಅಲ್ಲೇನು ಪೂಜೆ ಮಾಡಿಸ್ತೀಯಾ?”

“ಅಜ್ಜೀದು? ನಿಮ್ಮಮ್ಮನ ತವರಿನದು?”

ಅಮ್ಮ ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ಆಚೆ ಕಳಿಸಿದಳು.

“ಅಮ್ಮಂದಾ,” ಅಂದಳು. “ಕೇಳೇ ಇಲ್ವಲ್ಲೇ ನಾನು. ಅವಳೂ ಯಾವತ್ತೂ ಹೇಳ್ಲಿಲ್ಲ. ಮದುವೆಯಾಗಿ ಬಂದಾಗಿಂದ ನಮ್ಮಪ್ಪನ ಮನೇದೇ ಹೇಳ್ತಿದ್ಲು.”

“ಯಾರಿಗಾದ್ರೂ ಗೊತ್ತಿರತ್ತಾ?”

“ಯಾರಿದಾರೆ? ಅವಳ ಕಡೆಯೋರು ಒಬ್ರೂ ಇಲ್ಲ ಈಗ.” ಅಮ್ಮ ಮೆಲ್ಲಗೆ ಹೇಳಿದಳು, “ನನ್ನ ಅಮ್ಮಂದು ನನಗೇ ಗೊತ್ತಿಲ್ಲ ನೋಡು.”

ಎರಡು ಗೋತ್ರ ಬರೆದು, ಮೂರನೆಯದು ಗೊತ್ತಿಲ್ಲ ಎಂದು ಮೇಲ್ ಕಳಿಸಿದೆ. ವೈದ್ಯರ ಉತ್ತರ ಬಂತು: ಆತ ಕಾಶ್ಯಪ ಅಂತಲೋ ಇನ್ನೊಂದಂತಲೋ ಹಾಕಿ ಮುಗಿಸಲು ಒಪ್ಪಲಿಲ್ಲ, ಸಾಲನ್ನು ಅಷ್ಟಕ್ಕೇ ನಿಲ್ಲಿಸಿದ್ದಾನೆ, ತಿಳಿದ ದಿನ ಹೇಳಿ ಕಳಿಸಬೇಕಂತೆ.

ಮರುದಿನ, ಕೆಲಸ ಮುಗಿದಿದ್ದ ಆ ಕಡತವನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ತೆರೆದೆ. ತೊಂಬತ್ತೆರಡು ಸಾಲು, ಸಾಲಿಗೆ ಮೂರು ಗೋತ್ರ. ಎಮ್ಮೆ ಮೇಯಿಸುವ ಇಪ್ಪತ್ತರ ಹುಡುಗನೂ ತನ್ನ ತಾಯಿಯ ತಾಯಿಯ ತವರನ್ನು ಬರೆಸಿದ್ದ. ಮೇಲಿಂದ ಕೆಳಗಿನವರೆಗೆ ನೋಡಿದೆ, ಒಂದು ಮನೆಯೂ ಖಾಲಿ ಇರಲಿಲ್ಲ.